ಬಾಣಂತಿಯರು ಸಹಿ ಹಾಕದ ಕರಾರು: ಸರ್ಕಾರಿ ಔಷಧ ಖರೀದಿಯಲ್ಲಿ ಅಪಾಯ ಯಾರ ತಲೆಗೆ?

2024ರ ನವೆಂಬರ್ 9ರಿಂದ 11ರವರೆಗೆ, ಮೂರು ದಿನಗಳಲ್ಲಿ, ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳಾದವು. ಅವರಲ್ಲಿ ಏಳು ಬಾಣಂತಿಯರ ಆರೋಗ್ಯ ಹದಗೆಟ್ಟಿತು. ಕಿಡ್ನಿಯೂ ಸೇರಿ ಒಂದೊಂದೇ ಅಂಗ ಕೈಕೊಟ್ಟಿತು. ಡಿಸೆಂಬರ್ ಮೊದಲ ವಾರ ಮುಗಿಯುವಷ್ಟರಲ್ಲಿ ಐವರು ತೀರಿಕೊಂಡಿದ್ದರು. ರಾಜ್ಯ ಸರ್ಕಾರ ಕಳಿಸಿದ ತಜ್ಞರ ತಂಡದ ಅನುಮಾನ ಹೋಗಿದ್ದು ಅವರಿಗೆಲ್ಲ ಏರಿಸಿದ್ದ ಒಂದು ಬಾಟಲಿಯ ಕಡೆಗೆ. ಅದರ ಹೆಸರು ರಿಂಗರ್ಸ್ ಲ್ಯಾಕ್ಟೇಟ್. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಲವಣಗಳು ಮತ್ತು ಲ್ಯಾಕ್ಟೇಟ್ ಬೆರೆಸಿದ ಶುದ್ಧ ನೀರು. ನಮ್ಮ ಊರುಗಳಲ್ಲಿ ‘ಗ್ಲೂಕೋಸ್ ಹಾಕಿದ್ರು’ ಅಂತ ಜನ ಹೇಳೋದು ಎಷ್ಟೋ ಸಲ ಇದನ್ನೇ.

ಆಮೇಲೆ ಏನಾಯ್ತು ಅನ್ನೋದು ನಿಮಗೂ ನೆನಪಿರಬೇಕು. ಮುಖ್ಯಮಂತ್ರಿ ಸಿದ್ದರಾಮಯ್ಯ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. ಸರಬರಾಜು ಮಾಡಿದ್ದ ಪಶ್ಚಿಮ ಬಂಗಾಳದ ಕಂಪನಿ, ಪಶ್ಚಿಮ್ ಬಂಗ ಫಾರ್ಮಾಸ್ಯುಟಿಕಲ್ಸ್, ಮೇಲೆ ಕ್ರಮಕ್ಕೆ ಆದೇಶವಾಯಿತು. ಬಿಜೆಪಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ರಾಜೀನಾಮೆ ಕೇಳಿತು. ಕಾಂಗ್ರೆಸ್ ಕೋವಿಡ್ ಕಾಲದ ಖರೀದಿಯ ಕಡತ ತೋರಿಸಿತು. ಕೆಲವು ವಾರ ಟಿವಿಯಲ್ಲಿ ಜೋರು ಜಗಳ ನಡೆದು, ಆಮೇಲೆ ಎಲ್ಲರೂ ಮುಂದಿನ ವಿಷಯಕ್ಕೆ ಹೋದರು.

ಕಂಪನಿ ತಪ್ಪಿತಸ್ಥ ಹೌದೋ ಅಲ್ಲವೋ ಎಂದು ನಾನಿಲ್ಲಿ ತೀರ್ಪು ಕೊಡುವುದಿಲ್ಲ. ಅದು ನ್ಯಾಯಾಲಯದ ಕೆಲಸ. ನನ್ನ ಪ್ರಶ್ನೆ ಬೇರೆ. ಆ ಬಾಟಲಿಯ ಬಗ್ಗೆ ಸರ್ಕಾರಕ್ಕೆ ಮೊದಲೇ ಅನುಮಾನ ಬಂದಿತ್ತು. ಅನುಮಾನ ಬಂದ ಮೇಲೂ ಅದು ಹೆರಿಗೆ ವಾರ್ಡಿನ ಸ್ಟ್ಯಾಂಡಿಗೆ ಹೇಗೆ ಬಂತು? ಇದಕ್ಕೆ ಉತ್ತರ ‘ಭ್ರಷ್ಟಾಚಾರ’ ಎಂಬ ಒಂದೇ ಪದದಲ್ಲಿ ಸಿಗಲ್ಲ. ನಾವು ಯಾರೂ ಓದದ ಕಡೆ ಅದನ್ನು ಹುಡುಕಬೇಕು: ಟೆಂಡರ್ ದಾಖಲೆಯಲ್ಲಿ, ಸರಬರಾಜು ಕರಾರಿನ ಷರತ್ತುಗಳಲ್ಲಿ.

ಅನುಮಾನ ಬಂದಾಗ ಲಾಭ ಯಾರಿಗೆ?

ಸರ್ಕಾರವೇ ಕೊಟ್ಟ ವಿವರಣೆಯ ಸಾರಾಂಶ ಇಷ್ಟು. ರಾಜ್ಯಕ್ಕೆ ಔಷಧ ಕೊಳ್ಳುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಈ ಕಂಪನಿಯಿಂದ ನಿಗಮಕ್ಕೆ ರಿಂಗರ್ಸ್ ಲ್ಯಾಕ್ಟೇಟ್‌ನ 192 ಬ್ಯಾಚ್‌ಗಳು ಬಂದಿದ್ದವು. ಕೆಲವು ಬ್ಯಾಚ್‌ಗಳು ಗುಣಮಟ್ಟದ ಪರೀಕ್ಷೆಯಲ್ಲಿ ಫೇಲಾದವು. ಆಗ ನಿಗಮ ಪೂರ್ತಿ ದಾಸ್ತಾನನ್ನು ತಡೆಹಿಡಿಯಿತು. ಕಂಪನಿ ಆ ವರದಿಯನ್ನು ಪ್ರಶ್ನಿಸಿತು. ಮಾದರಿಗಳು ಕೇಂದ್ರದ ಪ್ರಯೋಗಾಲಯಕ್ಕೆ ಹೋದವು, ಅಲ್ಲಿಂದ ‘ಗುಣಮಟ್ಟ ಸರಿಯಿದೆ’ ಎಂಬ ವರದಿ ಬಂತು. ರಾಜ್ಯದ ಲ್ಯಾಬ್ ಒಂದು ಹೇಳುತ್ತೆ, ಕೇಂದ್ರದ ಲ್ಯಾಬ್ ಇನ್ನೊಂದು ಹೇಳುತ್ತೆ. ಕೊನೆಗೆ ತಡೆಹಿಡಿದಿದ್ದ ದಾಸ್ತಾನಿನಲ್ಲಿ ಪರೀಕ್ಷೆ ಪಾಸಾದ ಬ್ಯಾಚ್‌ಗಳು ಬಳಕೆಗೆ ಬಿಡುಗಡೆಯಾದವು.

ಇಲ್ಲಿ ಎರಡು ಬೇರೆ ಬೇರೆ ಕಾನೂನುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ.

1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಸರ್ಕಾರಿ ವಿಶ್ಲೇಷಕ ಒಂದು ಔಷಧ ಕಳಪೆ ಎಂದು ವರದಿ ಕೊಟ್ಟರೆ, ಅದನ್ನು ಒಪ್ಪದವರು 28 ದಿನಗಳೊಳಗೆ ಲಿಖಿತವಾಗಿ ತಕರಾರು ಹೇಳಬಹುದು. ಆಗ ನ್ಯಾಯಾಲಯ ಮಾದರಿಯನ್ನು ಕೇಂದ್ರ ಪ್ರಯೋಗಾಲಯಕ್ಕೆ ಕಳಿಸಬಹುದು. ಅಲ್ಲಿಯ ವರದಿಯೇ ಅಂತಿಮ. ಇದು ನ್ಯಾಯವಾದ ನಿಯಮ. ಯಾಕೆಂದರೆ ಈ ಕಾಯ್ದೆಯಡಿ ಜೈಲು ಶಿಕ್ಷೆ ಇದೆ. ಒಬ್ಬರನ್ನು ಜೈಲಿಗೆ ಕಳಿಸುವ ಮುಂಚೆ ಅನುಮಾನದ ಲಾಭ ಆರೋಪಿಗೆ ಸಿಗಲೇಬೇಕು.

ಆದರೆ ಕೊಳ್ಳುವವರಿಗೆ ಈ ನಿಯಮ ಯಾಕೆ ಅಡ್ಡ ಬರಬೇಕು? ಮಲ್ಪೆಯ ಮೀನು ಮಾರುಕಟ್ಟೆಯಲ್ಲಿ ಕಿವಿರು ಎತ್ತಿ ನೋಡಿ ಅನುಮಾನ ಬಂದರೆ ನಾವು ಮುಂದಿನ ಬುಟ್ಟಿಗೆ ಹೋಗ್ತೀವಿ. ‘ಮೀನು ಹಳಸಿದ್ದು ಅಂತ ಪ್ರೂವ್ ಮಾಡಿ’ ಎಂದು ಮಾರುವವರು ಕೇಳುವ ಹಾಗಿಲ್ಲ. ಅಪರಾಧ ಪ್ರಕರಣದಲ್ಲಿ ಅನುಮಾನದ ಲಾಭ ಆರೋಪಿಗೆ ಸೇರಬೇಕು. ವ್ಯಾಪಾರದಲ್ಲಿ ಅದು ಕೊಳ್ಳುವವರಿಗೆ, ಕೊಂಡದ್ದನ್ನು ಬಳಸುವವರಿಗೆ ಸೇರಬೇಕು. ಆ ಬ್ಯಾಚ್‌ಗಳ ವಿಚಾರದಲ್ಲಿ ಆದದ್ದು ಉಲ್ಟಾ. ಖರೀದಿಯ ತೀರ್ಮಾನವೂ ಅಪರಾಧ ಪ್ರಕರಣದ ಸಾಕ್ಷ್ಯದ ನಿಯಮವನ್ನೇ ಹಿಡಿದು ಹೊರಟಿತು. ಕಂಪನಿಗೆ ಅನುಮಾನದ ಲಾಭ ಸಿಕ್ಕಿತು. ಅನುಮಾನದ ಅಪಾಯ ಮಾತ್ರ ಹಾಸಿಗೆ ಮೇಲೆ ಮಲಗಿದ್ದವರಿಗೆ ಹೋಯಿತು.

ಇದನ್ನು ಕರಾರಿನಲ್ಲೇ ತಪ್ಪಿಸಬಹುದು. ‘ನಿಗಮ ಗುರುತಿಸಿದ ಯಾವುದೇ ಒಂದು ಪ್ರಯೋಗಾಲಯದಲ್ಲಿ ಬ್ಯಾಚ್ ಫೇಲಾದರೆ ಆ ಬ್ಯಾಚ್ ಆಸ್ಪತ್ರೆಗೆ ಹೋಗುವುದಿಲ್ಲ. ಸರಬರಾಜುದಾರರು ತಮ್ಮ ಖರ್ಚಿನಲ್ಲಿ ವಾಪಸ್ ಒಯ್ಯಬೇಕು. ಮೇಲ್ಮನವಿಯಲ್ಲಿ ಗೆದ್ದರೆ ಅವರಿಗೆ ಹಣ ಸಿಗುತ್ತದೆ, ಆದರೆ ಆ ಬಾಟಲಿ ರೋಗಿಯ ಮೈಗೆ ಹೋಗುವುದಿಲ್ಲ.’ ಇಷ್ಟು ಬರೆದರೆ ಸಾಕು, ಜಗಳ ದುಡ್ಡಿನದಾಗುತ್ತದೆ, ಜೀವದ್ದಾಗುವುದಿಲ್ಲ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಕೇಂದ್ರ ಸರ್ಕಾರದ ಅನುಮತಿಯೂ ಬೇಕಿಲ್ಲ. ಟೆಂಡರ್ ಬರೆಯುವವರ ಪೆನ್ನು ಸಾಕು.

ಪರೀಕ್ಷೆ ಮಾಡಿಸಿದ್ರೆ ಸಾಕಲ್ವಾ?

ಸಾಕಾಗಲ್ಲ. ಯಾಕೆ ಅನ್ನೋದಕ್ಕೆ ಒಂದು ಚಿಕ್ಕ ಲೆಕ್ಕ ನೋಡಿ.

ಒಂದು ಬ್ಯಾಚಿನಲ್ಲಿ ಸಾವಿರಕ್ಕೆ ಒಂದು ಬಾಟಲಿ ಕೆಟ್ಟಿದೆ ಅಂದುಕೊಳ್ಳಿ. ಅದರಿಂದ 20 ಬಾಟಲಿ ಆಯ್ದು ಪರೀಕ್ಷೆಗೆ ಕಳಿಸಿದರೆ ಕೆಟ್ಟ ಬಾಟಲಿ ಕೈಗೆ ಸಿಗುವ ಸಾಧ್ಯತೆ ಶೇ. 2 ಮಾತ್ರ. ನೂರಕ್ಕೆ ಒಂದು ಕೆಟ್ಟಿದ್ದರೂ ಅದು ಶೇ. 18 ದಾಟುವುದು ಕಷ್ಟ. ಅಂದರೆ ಒಂದು ಲ್ಯಾಬ್ ಪಾಸ್ ಮಾಡಿ ಇನ್ನೊಂದು ಲ್ಯಾಬ್ ಫೇಲ್ ಮಾಡಿದರೆ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದ್ದಾರೆ ಅಂತಲೇ ಅರ್ಥ ಅಲ್ಲ. ಇಬ್ಬರೂ ನೋಡಿದ್ದು ಬೇರೆ ಬೇರೆ ಬಾಟಲಿ ಇರಬಹುದು. ಹಾಗಾಗಿ ‘ಪಾಸ್’ ಎಂಬ ವರದಿಗಿಂತ ‘ಫೇಲ್’ ಎಂಬ ವರದಿಗೆ ಹೆಚ್ಚು ತೂಕ ಕೊಡಬೇಕು. ಒಂದು ಬಾಟಲಿ ಚೆನ್ನಾಗಿದ್ದ ಮಾತ್ರಕ್ಕೆ ಉಳಿದವೂ ಚೆನ್ನಾಗಿವೆ ಎನ್ನಲಾಗದು. ಒಂದು ಕೆಟ್ಟಿದ್ದರೆ ಮಾತ್ರ ತಯಾರಿಕೆಯಲ್ಲೇ ಏನೋ ಎಡವಟ್ಟಾಗಿದೆ ಎಂದು ಖಂಡಿತ ಗೊತ್ತಾಗುತ್ತದೆ.

ಇನ್ನೊಂದು ತೊಡಕು ಸಮಯದ್ದು. ರಕ್ತನಾಳಕ್ಕೆ ನೇರ ಹೋಗುವ ದ್ರಾವಣದಲ್ಲಿ ಸೂಕ್ಷ್ಮಾಣು ಇದೆಯೇ ಎಂದು ನೋಡುವ ಪರೀಕ್ಷೆಗೆ 14 ದಿನ ಬೇಕು, ಮಾದರಿಯನ್ನು ಅಷ್ಟು ದಿನ ಇಟ್ಟು ಕಾಯಬೇಕು. ಉಗ್ರಾಣದಲ್ಲಿ ದಾಸ್ತಾನು ಖಾಲಿಯಾಗಿ, ಆಸ್ಪತ್ರೆಯಿಂದ ‘ಬಾಟಲಿ ಕಳಿಸಿ, ಬಾಟಲಿ ಕಳಿಸಿ’ ಅಂತ ಫೋನ್ ಬರುತ್ತಿರುವಾಗ, ಈ 14 ದಿನ ಕಾಯುವ ತಾಳ್ಮೆ ಯಾರಿಗಿರುತ್ತದೆ? ಮೂರು ತಿಂಗಳ ದಾಸ್ತಾನು ಮುಂಚಿತವಾಗಿ ಇರುವವರಿಗೆ ಮಾತ್ರ ಇರುತ್ತದೆ. ದಾಸ್ತಾನು ಇರಬೇಕಾದರೆ ಟೆಂಡರ್ ಸಮಯಕ್ಕೆ ಆಗಬೇಕು. ಟೆಂಡರ್ ತಡವಾದರೆ ಪರೀಕ್ಷೆಯ ದಿನಗಳಿಗೇ ಕತ್ತರಿ ಬೀಳುತ್ತದೆ. ಗುಣಮಟ್ಟದ ಸಮಸ್ಯೆ ಹೀಗೆ ಮೊದಲು ಕ್ಯಾಲೆಂಡರಿನಲ್ಲಿ ಶುರುವಾಗುತ್ತದೆ.

ಬಾಟಲಿ ಪರೀಕ್ಷೆಗಿಂತ ಮುಖ್ಯವಾದದ್ದು ಕಾರ್ಖಾನೆಯ ಪರೀಕ್ಷೆ. ಔಷಧ ತಯಾರಿಕೆಯ ಶಿಸ್ತು ಹೇಗಿರಬೇಕು ಎಂದು ಹೇಳುವ ‘ಶೆಡ್ಯೂಲ್ ಎಂ’ ನಿಯಮಗಳನ್ನು ಕೇಂದ್ರ ಸರ್ಕಾರ ಪರಿಷ್ಕರಿಸಿದೆ. ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ 2025ರ ಡಿಸೆಂಬರ್ 31ರವರೆಗೂ ಗಡುವು ವಿಸ್ತರಿಸಲಾಗಿತ್ತು. ಗಡುವು ಕೊಡುವುದು ಕೇಂದ್ರದ ಔದಾರ್ಯ, ಇರಲಿ. ಆದರೆ ‘ಹೊಸ ನಿಯಮ ಪಾಲಿಸುವ ಕಾರ್ಖಾನೆಯಿಂದ ಮಾತ್ರ ಡ್ರಿಪ್ ಬಾಟಲಿ ಕೊಳ್ಳುತ್ತೇವೆ, ಬಿಡ್ ತೆರೆಯುವ ಮುಂಚೆ ನಮ್ಮ ತಂಡ ಬಂದು ನೋಡುತ್ತದೆ’ ಎಂದು ಷರತ್ತು ಹಾಕಲು ರಾಜ್ಯಗಳನ್ನು ಯಾರೂ ತಡೆದಿಲ್ಲ.

ಎಲ್-1 ಮಾತ್ರ ಖಳನಾಯಕ ಅಲ್ಲ

ಈ ಚರ್ಚೆ ಬಂದಾಗಲೆಲ್ಲ ಒಂದು ಸುಲಭದ ವಾದ ಕೇಳಿಸುತ್ತೆ: ‘ಅಗ್ಗದ ಮಾಲು ತಗೊಂಡರೆ ಹೀಗೇ ಆಗೋದು, ಎಲ್-1 ಪದ್ಧತಿಯನ್ನೇ ಕಿತ್ತುಹಾಕಿ.’ ಎಲ್-1 ಅಂದರೆ ಅತಿ ಕಡಿಮೆ ದರ ಹೇಳಿದ ಬಿಡ್‌ದಾರ. 1999ರ ಕೆಟಿಪಿಪಿ ಕಾಯ್ದೆ, ಅಂದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಸಾಮಾನ್ಯವಾಗಿ ಇವರಿಗೇ ಟೆಂಡರ್ ಕೊಡಿ ಅನ್ನುತ್ತದೆ.

ಎಲ್-1 ಕಿತ್ತುಹಾಕಿದರೆ ಏನಾಗುತ್ತೆ ಎಂದು ನೋಡಲು ದೂರ ಹೋಗಬೇಕಿಲ್ಲ. ಕೆಟಿಪಿಪಿ ಕಾಯ್ದೆಯಲ್ಲೇ 4(ಜಿ) ಎಂಬ ವಿನಾಯಿತಿ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿ ಟೆಂಡರ್ ಇಲ್ಲದೆ ಕೊಳ್ಳಬಹುದು. ಕೋವಿಡ್ ಕಾಲದಲ್ಲಿ ತುರ್ತಿನ ಹೆಸರಲ್ಲಿ ಟೆಂಡರ್ ಬದಿಗಿಟ್ಟು ಪಿಪಿಇ ಕಿಟ್ ಸೇರಿದಂತೆ ಹಲವು ವಸ್ತು ಕೊಂಡರು. ಅದರ ಬಗ್ಗೆ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ 2024ರ ಆಗಸ್ಟ್‌ನಲ್ಲಿ ಮಧ್ಯಂತರ ವರದಿ ಕೊಟ್ಟಿತು. ಚೀನಾದ ಕಂಪನಿಗಳಿಂದ ದುಬಾರಿ ದರಕ್ಕೆ ಕಿಟ್ ಕೊಂಡ ಬಗ್ಗೆ ಆಗಿನ ಮುಖ್ಯಮಂತ್ರಿ ಮತ್ತು ಆರೋಗ್ಯ ಸಚಿವರ ಮೇಲೆ ಕ್ರಮಕ್ಕೆ ಶಿಫಾರಸು ಮಾಡಿತು. ಆಯೋಗದ ಶಿಫಾರಸು ಕೋರ್ಟಿನ ತೀರ್ಪಲ್ಲ, ನಿಜ. ಆದರೆ ದರದ ಸ್ಪರ್ಧೆ ತೆಗೆದರೆ ಗುಣಮಟ್ಟ ತಾನಾಗಿ ಬಂದುಬಿಡುತ್ತದೆ ಅನ್ನುವವರು ಈ ಕಡತವನ್ನೂ ಒಮ್ಮೆ ನೋಡಬೇಕು.

ಹಾಗಾಗಿ ಎರಡು ಪಕ್ಷಗಳೂ ತಂತಮ್ಮ ಅನುಕೂಲಕ್ಕೆ ತಕ್ಕ ಅರ್ಧ ಕತೆ ಹೇಳುತ್ತಿವೆ. ಒಬ್ಬರದು ಅಗ್ಗದ ಬಾಟಲಿ, ಇನ್ನೊಬ್ಬರದು ದುಬಾರಿ ಕಿಟ್. ದರ ಕಡಿಮೆಯೋ ಜಾಸ್ತಿಯೋ ಅನ್ನುವುದು ಖರೀದಿಯ ಒಂದು ದಿನದ ಪ್ರಶ್ನೆ. ಬಿಡ್ ತೆರೆದ ಮಾರನೇ ದಿನದಿಂದ ಕರಾರು ಮುಗಿಯುವ ದಿನದವರೆಗೆ ಏನು ನಡೆಯುತ್ತೆ ಅನ್ನುವುದೇ ಅಸಲಿ ವಿಷಯ. ಅಲ್ಲಿಗೆ ಕ್ಯಾಮೆರಾ ಹೋಗಲ್ಲ, ವಿರೋಧ ಪಕ್ಷವೂ ಹೋಗಲ್ಲ.

ಎರಡನೇ ಬುಟ್ಟಿ ಇರಲಿಲ್ಲ

ಮೀನು ಮಾರುಕಟ್ಟೆಯ ಮಾತಿಗೆ ವಾಪಸ್ ಬರೋಣ. ಮುಂದಿನ ಬುಟ್ಟಿಗೆ ಹೋಗಬೇಕಾದರೆ ಮುಂದೊಂದು ಬುಟ್ಟಿ ಇರಬೇಕು.

ಒಂದು ಔಷಧಕ್ಕೆ ಒಬ್ಬರೇ ಸರಬರಾಜುದಾರರಿದ್ದರೆ, ಅವರ ಮಾಲನ್ನು ತಡೆಹಿಡಿಯುವುದು ಅಂದರೆ ರಾಜ್ಯದ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಔಷಧ ಇಲ್ಲ ಅಂತ ಅರ್ಥ. ರಿಂಗರ್ಸ್ ಲ್ಯಾಕ್ಟೇಟ್ ಇಲ್ಲದೆ ಆಪರೇಷನ್ ಥಿಯೇಟರ್ ನಡೆಯುವುದು ಕಷ್ಟ. ರಕ್ತಸ್ರಾವವಾಗುವ ಬಾಣಂತಿಗೆ ಮೊದಲು ಏರಿಸುವುದೇ ಇದನ್ನು ಅಥವಾ ಇಂಥದ್ದನ್ನು. ದಾಸ್ತಾನು ಹಿಂತೆಗೆದರೆ ಆಸ್ಪತ್ರೆಗಳು ಸ್ಥಳೀಯವಾಗಿ ಅಂಗಡಿಯಿಂದ ಕೊಳ್ಳುತ್ತವೆ. ಅಲ್ಲಿ ಬ್ಯಾಚ್ ಪರೀಕ್ಷೆಯೂ ಇರಲ್ಲ, ದರದ ಹಿಡಿತವೂ ಇರಲ್ಲ. ಇಲ್ಲವೇ ಚೀಟಿ ಬರೆದು ‘ಹೊರಗಿಂದ ತನ್ನಿ’ ಅಂತ ಮನೆಯವರ ಕೈಗೆ ಕೊಡುತ್ತಾರೆ. ಹೀಗಾಗಿ ತಡೆಹಿಡಿದ ಅಧಿಕಾರಿಗೆ ಎರಡೂ ಕಡೆಯಿಂದ ಒತ್ತಡ. ಬಿಟ್ಟರೆ ಅಪಾಯ, ಬಿಡದಿದ್ದರೂ ಅಪಾಯ. ಈ ಇಕ್ಕಟ್ಟನ್ನು ಹುಟ್ಟುಹಾಕಿದ್ದು ಆ ದಿನದ ತೀರ್ಮಾನ ಅಲ್ಲ. ತಿಂಗಳುಗಳ ಹಿಂದೆ ಪೂರ್ತಿ ಆರ್ಡರನ್ನು ಒಬ್ಬರಿಗೇ ಕೊಟ್ಟಾಗಲೇ ಅದು ಹುಟ್ಟಿರುತ್ತದೆ.

ಪಕ್ಕದ ತಮಿಳುನಾಡು 1994ರಲ್ಲೇ ವೈದ್ಯಕೀಯ ಸೇವಾ ನಿಗಮ ಕಟ್ಟಿತು. ರಾಜಸ್ಥಾನ 2011ರಲ್ಲಿ ಅದೇ ಮಾದರಿ ಹಿಡಿಯಿತು. ತಮಿಳುನಾಡಿನ ಪದ್ಧತಿಯಲ್ಲಿ ಮೂರು ಸಂಗತಿ ನನಗೆ ಮುಖ್ಯ ಅನಿಸುತ್ತದೆ. ಒಂದು, ಎಲ್-1 ದರಕ್ಕೆ ಒಪ್ಪುವ ಎರಡನೇ, ಮೂರನೇ ಬಿಡ್‌ದಾರರಿಗೂ ಆರ್ಡರ್ ಹಂಚಲು ಅವಕಾಶವಿದೆ. ದರ ಕಡಿಮೆಯೇ ಇರುತ್ತದೆ, ಬುಟ್ಟಿ ಮಾತ್ರ ಎರಡೋ ಮೂರೋ ಆಗುತ್ತದೆ. ಎರಡು, ಉಗ್ರಾಣಕ್ಕೆ ಬಂದ ಬ್ಯಾಚಿನ ಮಾದರಿಯಿಂದ ಕಂಪನಿಯ ಗುರುತು ಮರೆಮಾಡಿ, ಕೋಡ್ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಯಾರ ಔಷಧ ಪರೀಕ್ಷಿಸುತ್ತಿದ್ದೇವೆ ಎಂದು ಲ್ಯಾಬಿಗೇ ಗೊತ್ತಿರಲ್ಲ. ಕಂಪನಿ ಫೋನ್ ಮಾಡುವುದಾದರೂ ಯಾರಿಗೆ? ಮೂರು, ವರದಿ ಪಾಸಾಗಿ ಬಂದ ಮೇಲೆಯೇ ಆಸ್ಪತ್ರೆಗೆ ಹಂಚಿಕೆ.

ತಮಿಳುನಾಡಿನಲ್ಲಿ ಎಲ್ಲವೂ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳ ಸಾವಿಗೆ ಕಾರಣವಾದ ಕೋಲ್ಡ್ರಿಫ್ ಕೆಮ್ಮಿನ ಸಿರಪ್ ತಯಾರಾಗಿದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲೇ. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 48.6ರಷ್ಟಿತ್ತು. ಅದನ್ನು ಪತ್ತೆ ಮಾಡಿದ್ದೂ ತಮಿಳುನಾಡಿನ ಸರ್ಕಾರಿ ಲ್ಯಾಬೇ. ಚೆನ್ನಾಗಿ ಕೊಳ್ಳುವ ರಾಜ್ಯದಲ್ಲೂ ಕೆಟ್ಟ ಕಾರ್ಖಾನೆ ಇರಬಹುದು. ಆ ಸಿರಪ್ ಮಕ್ಕಳಿಗೆ ಹೋಗಿದ್ದು ಖಾಸಗಿ ಚೀಟಿ ಮತ್ತು ಮೆಡಿಕಲ್ ಶಾಪಿನ ದಾರಿಯಿಂದ. ಒಂದು ರಾಜ್ಯ ತನ್ನ ಖರೀದಿಯನ್ನು ಸರಿಯಾಗಿ ನಡೆಸಿದರೆ ತನ್ನ ಸರ್ಕಾರಿ ಆಸ್ಪತ್ರೆಯ ಬಾಗಿಲು ಕಾಯಬಹುದು, ಅಷ್ಟೇ. ಆ ಅಷ್ಟನ್ನೂ ನಾವು ಮಾಡದಿದ್ದರೆ ಹೇಗೆ?

ಬಾಕಿ ಬಿಲ್ಲಿನ ಕತೆ

ಸರಬರಾಜುದಾರರ ಕಡೆಯಿಂದಲೂ ಒಮ್ಮೆ ನೋಡಬೇಕು. ಇಲ್ಲದಿದ್ದರೆ ಇದು ಅರ್ಧ ವಿಶ್ಲೇಷಣೆಯಾಗುತ್ತದೆ.

ಸರ್ಕಾರಕ್ಕೆ ಮಾಲು ಕೊಟ್ಟವರಿಗೆ ದುಡ್ಡು ಯಾವಾಗ ಬರುತ್ತೆ ಅನ್ನುವುದು ಯಾರಿಗೂ ಗ್ಯಾರಂಟಿ ಇಲ್ಲ. ಒಳ್ಳೆಯ ಕಾರ್ಖಾನೆ ನಡೆಸುವವರಿಗೆ ಬೇರೆ ಗಿರಾಕಿಗಳಿರುತ್ತಾರೆ: ಖಾಸಗಿ ಆಸ್ಪತ್ರೆ, ರಫ್ತು. ಅವರು ತಿಂಗಳುಗಟ್ಟಲೆ ಬಿಲ್ಲಿಗಾಗಿ ಕಚೇರಿ ಕಚೇರಿ ಸುತ್ತುವ ಬದಲು ಸರ್ಕಾರಿ ಟೆಂಡರಿನಿಂದಲೇ ದೂರ ಉಳಿಯುತ್ತಾರೆ. ಉಳಿಯುವವರು ಎರಡು ಥರ. ತಡವಾಗುವ ದುಡ್ಡಿನ ಬಡ್ಡಿಯನ್ನು ದರದಲ್ಲೇ ಸೇರಿಸಿ ಹೇಳುವವರು ಒಬ್ಬರು. ದರ ಕಡಿಮೆ ಹೇಳಿ, ಆಮೇಲೆ ಮಾಲಿನಲ್ಲಿ ಉಳಿಸಿಕೊಳ್ಳುವವರು ಇನ್ನೊಬ್ಬರು. ಎಲ್-1 ಪದ್ಧತಿಯಲ್ಲಿ ಗೆಲ್ಲುವುದು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ.

ಅಂದರೆ ಹಣಕಾಸು ಇಲಾಖೆ ಬಿಲ್ ತಡೆದು ಉಳಿಸಿದೆ ಅಂದುಕೊಂಡ ದುಡ್ಡು ನಿಜಕ್ಕೂ ಉಳಿದಿಲ್ಲ. ಅದು ಕಳಪೆ ಮಾಲಿನ ರೂಪದಲ್ಲಿ ವಾರ್ಡಿಗೆ ಹೋಗಿದೆ. ಖರೀದಿಯಲ್ಲಿ ಅಪಾಯ ಎಂದೂ ಮಾಯವಾಗುವುದಿಲ್ಲ, ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಸರ್ಕಾರ ಅದನ್ನು ಕಂಪನಿಗೆ ದಾಟಿಸುತ್ತೆ, ಕಂಪನಿ ಅದನ್ನು ಬಾಟಲಿಗೆ ತುಂಬುತ್ತೆ, ಬಾಟಲಿ ಅದನ್ನು ರೋಗಿಗೆ ಕೊಡುತ್ತೆ. ರೋಗಿಯಿಂದ ಮುಂದಕ್ಕೆ ದಾಟಿಸಲು ಯಾರೂ ಇಲ್ಲ.

ಕಾನೂನಿನಲ್ಲೂ ಆಕೆಗೆ ಜಾಗ ಚಿಕ್ಕದು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿದವರಿಗೆ ಗ್ರಾಹಕ ಆಯೋಗದ ಬಾಗಿಲಿದೆ, ಸರ್ಕಾರಿ ವಾರ್ಡಿನಲ್ಲಿ ಮಲಗಿದವರಿಗೆ ಇಲ್ಲ. ಆಕೆಯ ಪರವಾಗಿ ಮಾತಾಡಬಹುದಾದ ಒಂದೇ ಕಾಗದ ಸರ್ಕಾರ ಮತ್ತು ಕಂಪನಿಯ ನಡುವಿನ ಕರಾರು. ಅದರಲ್ಲಿ ಆಕೆಯ ಹೆಸರೂ ಇಲ್ಲ, ಸಹಿಯೂ ಇಲ್ಲ. ತಡವಾಗಿ ಮಾಲು ಕೊಟ್ಟರೆ ಸರ್ಕಾರಕ್ಕೆ ದಂಡ ಕಟ್ಟಬೇಕು ಎಂಬ ಷರತ್ತು ಪ್ರತಿ ಕರಾರಿನಲ್ಲೂ ಇರುತ್ತದೆ. ಕೆಟ್ಟ ಮಾಲಿನಿಂದ ಜೀವ ಹೋದರೆ ಆ ಕುಟುಂಬಕ್ಕೆ ಕಂಪನಿ ಇಷ್ಟು ಕೊಡಬೇಕು, ಅದಕ್ಕೆ ಮುಂಚೆಯೇ ವಿಮೆ ಮಾಡಿಸಿರಬೇಕು ಎಂಬ ಷರತ್ತೂ ಅಷ್ಟೇ ಖಡಕ್ಕಾಗಿ ಇರಬೇಕಲ್ಲವೇ? ಬಳ್ಳಾರಿಯ ಕುಟುಂಬಗಳಿಗೆ ಪರಿಹಾರ ಘೋಷಿಸಿದ್ದು ಸರ್ಕಾರ. ಅದು ನಮ್ಮದೇ ತೆರಿಗೆ ದುಡ್ಡು.

ಬಂಗಾಳಕ್ಕೆ ತಲುಪದ ಪಾಠ

ಬಳ್ಳಾರಿಯ ಸುದ್ದಿ ದೇಶಕ್ಕೆಲ್ಲ ಗೊತ್ತಾದ ಮೇಲೆ, 2024ರ ಡಿಸೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಔಷಧ ನಿಯಂತ್ರಣ ಇಲಾಖೆ ಆ ಕಂಪನಿಗೆ ಉತ್ಪಾದನೆ ನಿಲ್ಲಿಸಲು ಹೇಳಿತು. ಆದರೆ ಈಗಾಗಲೇ ಸರಬರಾಜಾಗಿದ್ದ ದಾಸ್ತಾನು ಆಸ್ಪತ್ರೆಗಳಲ್ಲಿ ಹಾಗೇ ಉಳಿಯಿತು. 2025ರ ಜನವರಿಯಲ್ಲಿ ಮೇದಿನಿಪುರ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ತೀವ್ರ ಅಸ್ವಸ್ಥರಾದರು, ಒಬ್ಬಾಕೆ ತೀರಿಕೊಂಡಳು. ಅಲ್ಲೂ ಅನುಮಾನ ಬಿದ್ದದ್ದು ಇದೇ ಕಂಪನಿಯ ಇದೇ ದ್ರಾವಣದ ಮೇಲೆ. ಅಲ್ಲಿನ ಸರ್ಕಾರ 12 ವೈದ್ಯರನ್ನು ಅಮಾನತು ಮಾಡಿತು. ಹಿರಿಯ ವೈದ್ಯರು ಡ್ಯೂಟಿಯಲ್ಲಿರಲಿಲ್ಲ, ಕಲಿಯುತ್ತಿರುವವರೇ ಆಪರೇಷನ್ ಮಾಡಿದರು ಅನ್ನುವುದು ಕಾರಣ. ಅದೂ ತನಿಖೆಯಾಗಬೇಕಾದ ವಿಷಯವೇ. ಆದರೆ ಉತ್ಪಾದನೆ ನಿಲ್ಲಿಸಿ ಎಂದ ಮೇಲೆ ಬಾಟಲಿಯನ್ನು ವಾರ್ಡಿನಿಂದ ಹೊರಗೆ ತರುವ ಜವಾಬ್ದಾರಿ ಯಾರದ್ದಾಗಿತ್ತು? ಡ್ಯೂಟಿ ಡಾಕ್ಟರದ್ದಂತೂ ಅಲ್ಲ.

ನಮ್ಮಲ್ಲಿ ಕಪ್ಪುಪಟ್ಟಿ ಅಂದರೆ ದೊಡ್ಡ ಶಿಕ್ಷೆ ಅನ್ನುವ ಭಾವನೆ ಇದೆ. ಆದರೆ ಒಂದು ರಾಜ್ಯದ ನಿಗಮ ಕಪ್ಪುಪಟ್ಟಿಗೆ ಸೇರಿಸಿದ ಕಂಪನಿಯ ಮಾಲು ಇನ್ನೊಂದು ರಾಜ್ಯದ ಉಗ್ರಾಣದಲ್ಲಿ ತಾನಾಗಿ ನಿಲ್ಲುವುದಿಲ್ಲ. ಅದೂ ಅಲ್ಲದೆ ಕಪ್ಪುಪಟ್ಟಿ ಅಪಾಯ ನಡೆದ ಮೇಲಿನ ಕ್ರಮ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬೇಕಿರುವುದು ಒಂದು ಬ್ಯಾಚ್ ಎಲ್ಲಿ ಫೇಲಾದರೂ ಅದೇ ದಿನ ಎಲ್ಲ ರಾಜ್ಯಗಳ ಉಗ್ರಾಣದ ಕಂಪ್ಯೂಟರಿನಲ್ಲಿ ಆ ಕಂಪನಿಯ ಮಾಲು ಕೆಂಪಾಗಿ ಕಾಣುವ ವ್ಯವಸ್ಥೆ. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಫೇಲಾದ ಔಷಧಗಳ ಪಟ್ಟಿ ಪ್ರಕಟಿಸುತ್ತದೆ. ಒಳ್ಳೆಯದೇ. ಆದರೆ ತಿಂಗಳಿಗೊಮ್ಮೆ ಬರುವ ಪಟ್ಟಿ ಓದಿ ವಾರ್ಡಿನ ನರ್ಸ್ ಬಾಟಲಿ ಎತ್ತಿಡಬೇಕು ಎಂದು ನಿರೀಕ್ಷಿಸುವುದು ವ್ಯವಸ್ಥೆ ಅನ್ನಿಸಿಕೊಳ್ಳಲ್ಲ.

ಇದೇನು ಹೊಸ ಪಾಠವೂ ಅಲ್ಲ. 1986ರಲ್ಲಿ ಮುಂಬೈನ ಸರ್ಕಾರಿ ಜೆಜೆ ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಾಲ್ ಕುಡಿಸಿದ ಪರಿಣಾಮ 14 ರೋಗಿಗಳು ಸತ್ತರು. ಅದರಲ್ಲಿದ್ದದ್ದೂ ಡೈಎಥಿಲೀನ್ ಗ್ಲೈಕಾಲೇ. ತನಿಖೆ ಮಾಡಿದ ನ್ಯಾಯಮೂರ್ತಿ ಲೆಂಟಿನ್ ಆಯೋಗ ಸರಬರಾಜುದಾರರ ಜೊತೆಗೆ ಆಸ್ಪತ್ರೆಯ ಖರೀದಿ ವ್ಯವಸ್ಥೆ, ಔಷಧ ಆಡಳಿತ, ಸಚಿವರು ಎಲ್ಲರನ್ನೂ ಪ್ರಶ್ನಿಸಿತು. ಮಹಾರಾಷ್ಟ್ರದ ಸಚಿವ ಭಾಯಿ ಸಾವಂತ್ ರಾಜೀನಾಮೆ ಕೊಡಬೇಕಾಯಿತು. ಆ ಘಟನೆಗೆ ನಾಲ್ಕು ದಶಕವಾಗುತ್ತಾ ಬಂದರೂ ರಾಜೀನಾಮೆ ಕೇಳುವುದು, ಅಮಾನತು ಮಾಡುವುದು, ಕಪ್ಪುಪಟ್ಟಿಗೆ ಸೇರಿಸುವುದು — ಈ ಮೂರೇ ನಮ್ಮ ಸಾಮಾನು. ನಾಲ್ಕನೆಯದಾಗಿ ಕರಾರು ಓದುವುದನ್ನು ನಾವು ಇನ್ನೂ ಕಲಿತಿಲ್ಲ.

ಹಾಗಾದ್ರೆ ಏನು ಕೇಳೋಣ?

ರಾಜಕೀಯವಾಗಿ ಚುರುಕಾಗಿರುವ ನನ್ನ ವಯಸ್ಸಿನವರಿಗೆ ಟೆಂಡರ್ ಅಂದರೆ ಬೋರ್ ಹೊಡೆಸುವ ವಿಷಯ, ಗೊತ್ತು. ಸಿದ್ಧಾಂತದ ಜಗಳಕ್ಕಿರುವ ಖದರು ಇದಕ್ಕಿಲ್ಲ. ಆದರೆ ಸರ್ಕಾರ ಬಡವರನ್ನು ಹೇಗೆ ಕಾಣುತ್ತದೆ ಎಂಬುದು ಭಾಷಣಕ್ಕಿಂತ ಸ್ಪಷ್ಟವಾಗಿ ಇಂಥ ಕಾಗದಗಳಲ್ಲಿ ಬರೆದಿರುತ್ತದೆ. ಸಾರ್ವಜನಿಕ ಆರೋಗ್ಯ ಬೇಕು, ಖಾಸಗೀಕರಣ ಬೇಡ ಎಂದು ವಾದಿಸುವ ನಾವು ಸಾರ್ವಜನಿಕ ಖರೀದಿಯ ಮೇಲೆ ಕಣ್ಣಿಡದಿದ್ದರೆ, ‘ಸರ್ಕಾರಿ ಆಸ್ಪತ್ರೆಗೆ ಹೋದರೆ ಸಾಯ್ತೀರ’ ಎನ್ನುವವರ ಕೈಗೆ ನಾವೇ ಮಾತು ಕೊಟ್ಟಂತಾಗುತ್ತದೆ.

ಮಾಹಿತಿ ಹಕ್ಕು ಅರ್ಜಿ ಹಾಕುವವರು, ಶಾಸಕರ ಮೂಲಕ ಪ್ರಶ್ನೆ ಕೇಳಿಸುವವರು, ವಿದ್ಯಾರ್ಥಿ ಸಂಘಟನೆಗಳು ಈ ಐದು ಪ್ರಶ್ನೆಗಳನ್ನು ಕೇಳಬಹುದು.

ಒಂದು: ರಕ್ತನಾಳಕ್ಕೆ ಏರಿಸುವ ಪ್ರತಿ ಔಷಧಕ್ಕೂ ಬ್ಯಾಚ್ ಉಗ್ರಾಣಕ್ಕೆ ಬಂದ ದಿನ, ಲ್ಯಾಬ್ ವರದಿ ಬಂದ ದಿನ, ಆಸ್ಪತ್ರೆಗೆ ಹೊರಟ ದಿನ ಯಾವುದು? ಮೂರನೆಯದು ಎರಡನೆಯದಕ್ಕಿಂತ ಮುಂಚೆ ಇದ್ದರೆ ಬೇರೆ ತನಿಖೆಯೇ ಬೇಕಿಲ್ಲ.

ಎರಡು: ಒಂದು ಲ್ಯಾಬ್ ಫೇಲ್ ಮಾಡಿ ಇನ್ನೊಂದು ಪಾಸ್ ಮಾಡಿದ ಬ್ಯಾಚ್‌ಗಳೆಷ್ಟು? ಅವನ್ನು ಬಿಡುಗಡೆ ಮಾಡಲು ಸಹಿ ಹಾಕಿದ ಅಧಿಕಾರಿಯ ಹುದ್ದೆ ಯಾವುದು, ಕೊಟ್ಟ ಕಾರಣ ಏನು?

ಮೂರು: ಒಬ್ಬರೇ ಸರಬರಾಜುದಾರರಿರುವ ಔಷಧಗಳು ಯಾವುವು? ಅವರು ನಿಂತರೆ ಎಷ್ಟು ದಿನದ ದಾಸ್ತಾನಿದೆ?

ನಾಲ್ಕು: ಮಾಲು ಒಪ್ಪಿಕೊಂಡ ದಿನದಿಂದ ಬಿಲ್ ಪಾವತಿಯಾಗಲು ಸರಾಸರಿ ಎಷ್ಟು ದಿನ ಹಿಡಿದಿದೆ?

ಐದು: ಕಳಪೆ ಮಾಲಿಗೆ ಕರಾರಿನ ಪ್ರಕಾರ ಹಾಕಬೇಕಿದ್ದ ದಂಡ ಎಷ್ಟು, ನಿಜಕ್ಕೂ ವಸೂಲಾದದ್ದು ಎಷ್ಟು?

ಇವು ಯಾವುವೂ ರಹಸ್ಯ ಮಾಹಿತಿಯಲ್ಲ. ಕರ್ನಾಟಕದಲ್ಲಿ ಔಷಧ ದಾಸ್ತಾನಿಗೆ ಇ-ಔಷಧ ತಂತ್ರಾಂಶ ಇದೆ, ಟೆಂಡರಿಗೆ ಸಾರ್ವಜನಿಕ ಪೋರ್ಟಲ್ ಇದೆ. ತಾರೀಕುಗಳು ಎಲ್ಲೋ ಒಂದು ಕಡೆ ದಾಖಲಾಗಿಯೇ ಇರುತ್ತವೆ. ಅವನ್ನು ಜನರಿಗೆ ಕಾಣುವ ಹಾಗೆ ತೆರೆದಿಡಲು ಸರ್ಕಾರಕ್ಕೆ ಖರ್ಚಿಲ್ಲ, ಮನಸ್ಸು ಬೇಕು.

ಸಚಿವರು ರಾಜೀನಾಮೆ ಕೊಡಬೇಕೇ ಬೇಡವೇ ಎಂಬ ಚರ್ಚೆ ನಡೆಯಲಿ, ಅದಕ್ಕೂ ಜಾಗ ಇದೆ. ಆದರೆ ಬೇರೆ ಸಚಿವರು ಬಂದು ಅದೇ ಕರಾರಿಗೆ ಸಹಿ ಹಾಕಿದರೆ ಮುಂದಿನ ಹೆರಿಗೆ ವಾರ್ಡಿನಲ್ಲಿ ಏನೂ ಬದಲಾಗುವುದಿಲ್ಲ. ರಿಂಗರ್ಸ್ ಲ್ಯಾಕ್ಟೇಟ್‌ಗೆ ಮುಂದಿನ ಟೆಂಡರ್ ಕರೆದಾಗ ಅದರ ದಾಖಲೆ ಪೋರ್ಟಲ್‌ನಲ್ಲಿ ಇರುತ್ತದೆ, ಯಾರು ಬೇಕಾದರೂ ಡೌನ್‌ಲೋಡ್ ಮಾಡಿ ಓದಬಹುದು. ಬ್ಯಾಚ್ ಫೇಲಾದರೆ ಏನು ಮಾಡಬೇಕು ಎಂಬ ಷರತ್ತು ಎಲ್ಲಿದೆ ಎಂದು ಮೊದಲು ಹುಡುಕಿ. ಬಿಡ್ ಹಾಕುವ ಕೊನೆಯ ದಿನ ಮುಗಿಯುವ ಮುಂಚೆ ಕೇಳಿದ ಪ್ರಶ್ನೆಗೆ ಷರತ್ತು ಬದಲಾಯಿಸುವ ಶಕ್ತಿ ಇರುತ್ತದೆ. ಆಮೇಲೆ ಕೇಳಿದರೆ ಸಿಗುವುದು ಬರೀ ತನಿಖಾ ಸಮಿತಿ.